ಗೊರಕೆಗೆ ಚೀನೀ ಕಷಾಯವೋ, ಸಿಪ್ಯಾಪ್ ಮೆಷಿನ್ನೋ, ಮಗ್ಗುಲು ಬದಲಿಸಿದರೆ ಸಾಕೋ?

ಸಿಂಗಪುರದಲ್ಲೋ ಸಿಡ್ನಿಯಲ್ಲೋ ಇರುವ ಕನ್ನಡದವರ ಮನೆಗಳಲ್ಲಿ ಈ ಪ್ರಶ್ನೆ ಏಳುವುದು ಸಹಜ. ಸ್ವಲ್ಪ ದೂರ ನಡೆದರೆ ಚೀನೀ ಔಷಧದ ಅಂಗಡಿ ಸಿಗುತ್ತದೆ. ಅಲ್ಲಿ ವಾರಕ್ಕಾಗುವಷ್ಟು ಕಷಾಯದ ಪೊಟ್ಟಣ ಕಟ್ಟಿಸಿಕೊಂಡು ಬರುವುದು ಸುಲಭ. ಸ್ಲೀಪ್ ಲ್ಯಾಬಿನಲ್ಲಿ ತಲೆಗೆ, ಎದೆಗೆ ವೈರು ಅಂಟಿಸಿಕೊಂಡು ಒಂದು ರಾತ್ರಿ ಕಳೆಯುವುದು ಕಷ್ಟ. ಬೆಂಗಳೂರಿನಲ್ಲಿ ಕೂತವರಿಗೂ ಈಗ "ಚೀನೀ ಗಿಡಮೂಲಿಕೆಯ ಗೊರಕೆ ನಿವಾರಕ" ಅಂತ ಆನ್‌ಲೈನ್‌ನಲ್ಲಿ ಮಾತ್ರೆ, ಟೀ, ಸ್ಪ್ರೇ ಎಲ್ಲ ಕಾಣಿಸುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಉಸಿರು ನಿಲ್ಲದ, ಬರೀ ಸದ್ದಿನ ಗೊರಕೆಯಾದರೆ ಚೀನೀ ಔಷಧವನ್ನು ಒಬ್ಬ ನೋಂದಾಯಿತ ವೈದ್ಯರ ಕೈಯಲ್ಲಿ, ಗಡುವು ಹಾಕಿಕೊಂಡು, ಪ್ರಯತ್ನಿಸಿ ನೋಡಬಹುದು. ನಿದ್ದೆಯಲ್ಲಿ ಉಸಿರು ನಿಲ್ಲುವ ಗೊರಕೆಯಾದರೆ ಅದನ್ನು ಮುಖ್ಯ ಚಿಕಿತ್ಸೆಯಾಗಿ ಆರಿಸಬಾರದು. ಹಾಗಾಗಿ ಯಾವ ಔಷಧ ಅಂತ ಯೋಚಿಸುವ ಮೊದಲು ಯಾವ ಗೊರಕೆ ಅಂತ ತಿಳಿಯಬೇಕು. ಹೆಚ್ಚಿನವರು ಈ ಹೆಜ್ಜೆಯನ್ನೇ ಹಾರಿಬಿಡುತ್ತಾರೆ.

ಮೊದಲು ಯಾವ ಗೊರಕೆ ಅಂತ ನೋಡಿ

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ದಾರಿ ಕಿರಿದಾಗುತ್ತದೆ. ಆ ಕಿರಿದಾದ ಜಾಗದಲ್ಲಿ ಗಾಳಿ ನುಗ್ಗುವಾಗ ಮೃದು ಅಂಗುಳ, ಕಿರುನಾಲಿಗೆ, ಕೆಲವರಲ್ಲಿ ನಾಲಿಗೆಯ ಬುಡ ಅದುರುತ್ತವೆ. ಆ ಅದುರುವಿಕೆಯೇ ಗೊರಕೆ. ಇಷ್ಟೇ ಆದರೆ ತೊಂದರೆ ಪಕ್ಕದಲ್ಲಿ ಮಲಗಿದವರಿಗೆ ಜಾಸ್ತಿ, ಗೊರಕೆ ಹೊಡೆಯುವವರಿಗೆ ಕಡಿಮೆ.

ಆದರೆ ಕೆಲವರಲ್ಲಿ ದಾರಿ ಪೂರ್ತಿ ಮುಚ್ಚಿಹೋಗುತ್ತದೆ. ಗೊರಕೆ ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಎದೆ ಮಾತ್ರ ಎಳೆಯುತ್ತಿರುತ್ತದೆ, ಆಮೇಲೆ ಗಕ್ಕನೆ ಉಸಿರು ಬಂದು ಮತ್ತೆ ಗೊರಕೆ ಶುರು. ಇದು ಸ್ಲೀಪ್ ಅಪ್ನಿಯಾ. ಉಸಿರು ಕನಿಷ್ಠ 10 ಸೆಕೆಂಡ್ ನಿಂತರೆ ಅಥವಾ ತುಂಬ ಕುಗ್ಗಿದರೆ ಒಂದು ಸಲ ಅಂತ ಲೆಕ್ಕ. ಗಂಟೆಗೆ 5ರಿಂದ 15 ಸಲ ಆದರೆ ಸೌಮ್ಯ, 15ರಿಂದ 30 ಆದರೆ ಮಧ್ಯಮ, 30 ದಾಟಿದರೆ ತೀವ್ರ. ಪ್ರತಿ ಸಲವೂ ರಕ್ತದ ಆಮ್ಲಜನಕ ಇಳಿಯಬಹುದು, ಮೆದುಳು ಅರೆ ಎಚ್ಚರವಾಗುತ್ತದೆ, ಬಿಪಿ ಏರುತ್ತದೆ. ಬೆಳಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಮಾತ್ರೆ ತಗೊಂಡರೂ ಬಗ್ಗದ ಬಿಪಿ, ಇವೆಲ್ಲ ಅದರ ಸುಳಿವುಗಳು.

ಮನೆಯಲ್ಲೇ ಅಂದಾಜು ಮಾಡಲು ಸ್ಟಾಪ್-ಬ್ಯಾಂಗ್ ಅನ್ನುವ ಎಂಟು ಪ್ರಶ್ನೆಗಳ ಪಟ್ಟಿ ಇದೆ. ಗೊರಕೆ ಜೋರಾಗಿದೆಯಾ, ಹಗಲು ಸುಸ್ತಾ, ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರಾ, ಬಿಪಿ ಇದೆಯಾ, ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ) 35 ದಾಟಿದೆಯಾ, ವಯಸ್ಸು 50 ದಾಟಿದೆಯಾ, ಕತ್ತಿನ ಸುತ್ತಳತೆ 40 ಸೆಂಟಿಮೀಟರ್‌ಗಿಂತ ಜಾಸ್ತಿಯಾ, ಗಂಡಸಾ. ಎರಡರವರೆಗೆ ಹೌದು ಅಂದರೆ ಅಪಾಯ ಕಡಿಮೆ. ಮೂರು-ನಾಲ್ಕು ಆದರೆ ಮಧ್ಯಮ. ಐದು ಅಥವಾ ಮೇಲೆ ಆದರೆ ಗಿಡಮೂಲಿಕೆ ಅಂಗಡಿಗಲ್ಲ, ಸ್ಲೀಪ್ ಸ್ಟಡಿಗೆ, ಅಂದರೆ ನಿದ್ದೆಯಲ್ಲಿ ಉಸಿರಾಟ ಅಳೆಯುವ ಪರೀಕ್ಷೆಗೆ, ಹೋಗಬೇಕು. ಈಗ ಮನೆಯಲ್ಲೇ ಮಲಗಿ ಮಾಡಿಸುವ ಪರೀಕ್ಷೆಯೂ ಇದೆ. ಲ್ಯಾಬ್ ಅಂದರೆ ಹಿಂಜರಿಯುವವರಿಗೆ ಅದು ಅನುಕೂಲ.

ಚೀನೀ ವೈದ್ಯ ಗೊರಕೆಯನ್ನು ಹೇಗೆ ನೋಡುತ್ತಾನೆ

ಈ ಪದ್ಧತಿಯನ್ನು ತಮಾಷೆ ಮಾಡಿ ತಳ್ಳಿಹಾಕುವವರು ಒಂದು ಹಳೆಯ ಪುಸ್ತಕವನ್ನು ನೋಡಬೇಕು. ಸುಯಿ ರಾಜವಂಶದ ಕಾಲದಲ್ಲಿ, ಕ್ರಿ.ಶ. 610ರಲ್ಲಿ, ಚಾವೊ ಯುವಾನ್‌ಫಾಂಗ್ ಎಂಬ ವೈದ್ಯ ರೋಗಗಳ ಕಾರಣಗಳ ಬಗ್ಗೆ ಒಂದು ದೊಡ್ಡ ಗ್ರಂಥ ಮಾಡಿದ. ಅದರಲ್ಲಿ ಗೊರಕೆಗೂ ಜಾಗ ಇದೆ. ಗಂಟಲು ಉಸಿರು ಮೇಲೆ ಕೆಳಗೆ ಓಡಾಡುವ ದಾರಿ, ಉಸಿರಿನ ಹೊಂದಾಣಿಕೆ ತಪ್ಪಿದರೆ ಅದು ಗಂಟಲಿಗೆ ಬಡಿದು ಸದ್ದಾಗುತ್ತದೆ ಅನ್ನುತ್ತಾನೆ. ಜೊತೆಗೆ ದಪ್ಪ ಮೈಯವರಲ್ಲಿ ಗಂಟಲಿನ ಒಳಗೆ ಇಕ್ಕಟ್ಟಾಗಿ ಗೊರಕೆ ಬರುತ್ತದೆ ಎಂದೂ ಬರೆದಿದ್ದಾನೆ. 1400 ವರ್ಷಗಳ ಹಿಂದೆ! ಇವತ್ತಿನ ಇಎನ್‌ಟಿ ಡಾಕ್ಟರು ಹೇಳುವುದಕ್ಕೂ ಇದಕ್ಕೂ ಬಹಳ ದೂರ ಇಲ್ಲ.

ಆ ಗಮನಿಕೆ ನಿಜ ಅಂದಮಾತ್ರಕ್ಕೆ ಔಷಧ ಕೆಲಸ ಮಾಡುತ್ತದೆ ಅಂತಲ್ಲ. ಅದು ಬೇರೆ ಪ್ರಶ್ನೆ.

ಇಲ್ಲಿ ಹೊರಗಿನವರು ತಪ್ಪು ತಿಳಿಯುವ ವಿಷಯ ಒಂದಿದೆ. ಚೀನೀ ಪದ್ಧತಿಯಲ್ಲಿ "ಗೊರಕೆಯ ಮೂಲಿಕೆ" ಅಂತ ಒಂದು ಇಲ್ಲ. ವೈದ್ಯ ನಾಲಿಗೆ ನೋಡುತ್ತಾನೆ, ಎರಡೂ ಕೈಯ ನಾಡಿ ಹಿಡಿಯುತ್ತಾನೆ, ಊಟ, ಮಲ, ಬೆವರು, ದಾಹ ಎಲ್ಲ ಕೇಳುತ್ತಾನೆ. ಆಮೇಲೆ ಯಾವ ಮಾದರಿ ಅಂತ ತೀರ್ಮಾನಿಸುತ್ತಾನೆ. ಗೊರಕೆಯಲ್ಲಿ ಸಾಮಾನ್ಯವಾಗಿ ಹೇಳುವುದು ಕಫ-ತೇವ ಕಟ್ಟಿಕೊಂಡ ಮಾದರಿ. ದಪ್ಪ ಮೈ, ನಾಲಿಗೆ ಮೇಲೆ ಜಿಡ್ಡಿನ ಪದರ, ಊಟವಾದ ಮೇಲೆ ಭಾರ. ಕಫಕ್ಕೆ ಉಷ್ಣ ಸೇರಿದರೆ ಇನ್ನೊಂದು ಮಾದರಿ. ಬಹಳ ವರ್ಷದ ಗೊರಕೆಯಲ್ಲಿ ರಕ್ತ ಸರಾಗ ಓಡದೆ ನಿಂತ ಮಾದರಿ. ಜೀರ್ಣಶಕ್ತಿ ಕುಗ್ಗಿ ಬಲ ಇಲ್ಲದ ಮಾದರಿ ಮತ್ತೊಂದು. ಆಯುರ್ವೇದ ಬಲ್ಲ ಮನೆಯವರಿಗೆ ಈ ಕಫದ ಮಾತು ಪರಿಚಯದ ಹಾಗೇ ಕೇಳಿಸುತ್ತದೆ. ಆದರೆ ಎರಡೂ ಒಂದೇ ಅಂದುಕೊಂಡು ಅಲ್ಲಿನದನ್ನು ಇಲ್ಲಿನದರ ಜೊತೆ ಬೆರೆಸಬೇಡಿ.

ಕಫ-ತೇವದ ಮಾದರಿಗೆ ಹಳೆಯ ತಳಹದಿ ಅರ್‌ಚೆನ್ ತಾಂಗ್ ಎಂಬ ಕಷಾಯ. ಸಾಂಗ್ ರಾಜವಂಶದ ಕಾಲದ ಸರ್ಕಾರಿ ಔಷಧ ಸಂಗ್ರಹದಲ್ಲಿ ಬಂದದ್ದು. ಅದರಲ್ಲಿ ಸಂಸ್ಕರಿಸಿದ ಬಾನ್‌ಶ್ಯಾ ಗಡ್ಡೆ, ಒಣಗಿಸಿಟ್ಟ ಕಿತ್ತಳೆ ಜಾತಿಯ ಸಿಪ್ಪೆ ಚೆನ್‌ಪಿ, ಪೈನ್ ಬೇರಿನ ಮೇಲೆ ಬೆಳೆಯುವ ಅಣಬೆ ಫುಲಿಂಗ್, ಅತಿಮಧುರ ಇರುತ್ತವೆ. ಚೆನ್‌ಪಿಗೆ ಗ್ವಾಂಗ್‌ಡಾಂಗ್ ಪ್ರಾಂತ್ಯದ ಶಿನ್‌ಹುಯಿ ಊರು ಹೆಸರುವಾಸಿ. ಅಲ್ಲಿ ಸಿಪ್ಪೆಯನ್ನು ಕನಿಷ್ಠ ಮೂರು ವರ್ಷ ಹಳತಾಗಲು ಬಿಡುತ್ತಾರೆ, ಹಳತಾದಷ್ಟೂ ಬೆಲೆ ಜಾಸ್ತಿ. ಇದಕ್ಕೇ ಇನ್ನೂ ಒಂದೆರಡು ಸೇರಿಸಿದರೆ ವೆನ್‌ದಾನ್ ತಾಂಗ್, ಗೊರಕೆಯ ಜೊತೆ ನಿದ್ದೆಗೆಡುವವರಿಗೆ ಕೊಡುವುದು. ಮೂಗು ಕಟ್ಟಿ ಗೊರಕೆ ಬರುವವರಿಗೆ ಮ್ಯಾಗ್ನೋಲಿಯಾ ಮೊಗ್ಗು ಮತ್ತು ತ್ಸಾಂಗ್ ಅರ್ ತ್ಸ ಎಂಬ ಮುಳ್ಳುಕಾಯಿ ಇರುವ ಪುಡಿ. ಈ ಮುಳ್ಳುಕಾಯಿಯ ಗಿಡ ನಮ್ಮ ಹೊಲದ ಬದುಗಳಲ್ಲೂ ಕಳೆಯಾಗಿ ಬೆಳೆಯುತ್ತದೆ. ಹಾಗಂತ ಕಿತ್ತು ತಂದು ಕುದಿಸಬೇಡಿ. ಸರಿಯಾಗಿ ಹುರಿಯದ ಕಾಯಿ ಯಕೃತ್ತಿಗೆ ವಿಷ.

ಸಾಕ್ಷ್ಯ ಎಷ್ಟಿದೆ?

ಗೊರಕೆ ಮತ್ತು ಅಪ್ನಿಯಾಕ್ಕೆ ಮೂಲಿಕೆಗಳ ಪ್ರಯೋಗಗಳು ನಡೆದದ್ದು ಹೆಚ್ಚಾಗಿ ಚೀನಾದಲ್ಲಿ. ಬಹಳಷ್ಟು ಸಣ್ಣವು, ಕೆಲವು ವಾರ ಅಥವಾ ತಿಂಗಳಿನವು. ಯಾರಿಗೆ ಏನು ಕೊಟ್ಟಿದ್ದಾರೆ ಅಂತ ರೋಗಿಗೂ ವೈದ್ಯರಿಗೂ ಗೊತ್ತಿರುತ್ತದೆ. ಒಂದೊಂದು ಪ್ರಯೋಗದಲ್ಲಿ ಒಂದೊಂದು ಮಿಶ್ರಣ. ಎಷ್ಟೋ ಕಡೆ ಮೂಲಿಕೆಯ ಜೊತೆ ತೂಕ ಇಳಿಸುವ ಸಲಹೆ ಅಥವಾ ಸಿಪ್ಯಾಪ್ (ಮಾಸ್ಕಿನ ಮೂಲಕ ಒತ್ತಡದ ಗಾಳಿ ಬಿಡುವ ಮೆಷಿನ್) ಕೂಡ ಇರುತ್ತದೆ. ಹಾಗಾಗಿ ಫಲ ಯಾವುದರಿಂದ ಬಂತು ಅಂತ ಬಿಡಿಸುವುದು ಕಷ್ಟ. ಚಿಕಿತ್ಸೆಯ ಮಾರ್ಗಸೂಚಿ ಮಾಡುವ ಬ್ರಿಟನ್ನಿನ ನೈಸ್ ಸಂಸ್ಥೆಯಾಗಲಿ ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿಯಾಗಲಿ ಅಪ್ನಿಯಾಕ್ಕೆ ಮೂಲಿಕೆಯನ್ನು ಶಿಫಾರಸು ಮಾಡಿಲ್ಲ.

ಅಕ್ಯುಪಂಕ್ಚರ್‌ನದ್ದು ಸ್ವಲ್ಪ ಬೇರೆ ಕಥೆ. 2007ರಲ್ಲಿ ಬ್ರೆಜಿಲ್‌ನಲ್ಲಿ ಮಧ್ಯಮ ಅಪ್ನಿಯಾದ 36 ಜನರ ಮೇಲೆ, ಹೋಲಿಕೆಗೆ ಸುಳ್ಳು ಸೂಜಿಯ ಗುಂಪನ್ನೂ ಇಟ್ಟುಕೊಂಡು, ಪ್ರಯೋಗ ಮಾಡಿದರು. ನಿಜವಾದ ಸೂಜಿಯ ಗುಂಪಿನಲ್ಲಿ ಉಸಿರು ನಿಲ್ಲುವುದು ಕಡಿಮೆಯಾಯಿತು. ಆಸೆ ಹುಟ್ಟಿಸುವ ಫಲವೇ. ಆದರೆ 36 ಜನರ ಮೇಲೆ ಊರಿಗೆಲ್ಲ ಸಲಹೆ ಕೊಡಲಾಗುವುದಿಲ್ಲ.

ನನಗೆ ಮುಖ್ಯ ಅನಿಸುವುದು ಮೂಗಿನ ವಿಷಯ. ಅಲರ್ಜಿಯಿಂದ ಮೂಗು ಕಟ್ಟಿದವರಿಗೆ ಮೂಗು ಬಿಟ್ಟರೆ ಗೊರಕೆ ಇಳಿಯಬಹುದು. ಅದು ಮೂಲಿಕೆಯಿಂದಲೋ, ಉಪ್ಪುನೀರಿನಿಂದ ಮೂಗು ತೊಳೆದದ್ದರಿಂದಲೋ, ಡಾಕ್ಟರು ಬರೆದ ಸ್ಟೀರಾಯ್ಡ್ ಸ್ಪ್ರೇಯಿಂದಲೋ ಆಗಬಹುದು. ಈ ಗುಂಪಿನಲ್ಲಿ ಚೀನೀ ಔಷಧದಿಂದ ಉಪಯೋಗವಾಯಿತು ಅನ್ನುವವರ ಮಾತು ನಂಬಲು ಕಷ್ಟವಿಲ್ಲ. ಆದರೆ ಸ್ಪ್ರೇಗೆ ಇರುವ ಸಾಕ್ಷ್ಯ ಗಟ್ಟಿ, ಖರ್ಚು ಕಡಿಮೆ. ಮೊದಲು ಅದನ್ನೇ ನೋಡಿ ಅನ್ನುತ್ತೇನೆ.

ಕಷಾಯ, ಹರಳು, ಗುಳಿಗೆ, ಆನ್‌ಲೈನ್ ಟೀ

ಚೀನೀ ಔಷಧವನ್ನೇ ಆರಿಸಿದರೂ ಅದರೊಳಗೇ ದೊಡ್ಡ ವ್ಯತ್ಯಾಸ ಇದೆ.

ವೈದ್ಯ ನೋಡಿ ಬರೆದ ಕಷಾಯ ಪದ್ಧತಿಗೆ ಅತಿ ಹತ್ತಿರದ್ದು. ಪೊಟ್ಟಣವನ್ನು ನೆನೆಸಿ, ಎರಡು ಸಲ ಕುದಿಸಿ, ಸೋಸಿ, ದಿನಕ್ಕೆ ಎರಡು ಸಲ ಕುಡಿಯಬೇಕು. ಕಹಿ. ಮನೆತುಂಬ ವಾಸನೆ. ಪಕ್ಕದ ಫ್ಲಾಟಿನವರೂ ಕೇಳುತ್ತಾರೆ. ಲಾಭ ಏನೆಂದರೆ ಒಂದೆರಡು ವಾರಕ್ಕೆ ವೈದ್ಯ ಮತ್ತೆ ನೋಡಿ ಮಿಶ್ರಣ ಬದಲಿಸುತ್ತಾನೆ. ನಿಮಗೆ ಆಗದ ಮೂಲಿಕೆಯನ್ನು ತೆಗೆಸಲೂಬಹುದು.

ಹರಳಿನ ರೂಪದಲ್ಲಿ ಅದೇ ಮೂಲಿಕೆಗಳ ಸಾರ ಬರುತ್ತದೆ, ಬಿಸಿನೀರಿಗೆ ಹಾಕಿ ಕುಡಿದರೆ ಆಯಿತು. ಕೆಲಸಕ್ಕೆ ಹೋಗುವವರಿಗೆ ಇದೇ ವಾಸಿ. ಇಲ್ಲೂ ವೈದ್ಯ ಬೆರಕೆ ಬದಲಿಸಬಹುದು. ಸಿದ್ಧ ಗುಳಿಗೆಗಳಲ್ಲಿ ಆ ಸ್ವಾತಂತ್ರ್ಯ ಇಲ್ಲ, ಎಲ್ಲರಿಗೂ ಒಂದೇ ಸೂತ್ರ.

ಆನ್‌ಲೈನ್‌ನಲ್ಲಿ ಸಿಗುವ "ಗೊರಕೆ ಟೀ" ಬಗ್ಗೆ ನನ್ನ ಮಾತು ಕಟುವಾಗಿದೆ. ಅದು ಆಧುನಿಕ ವೈದ್ಯದ ಪರೀಕ್ಷೆಯನ್ನೂ ದಾಟಿಲ್ಲ, ಚೀನೀ ವೈದ್ಯದ ನಿಯಮವನ್ನೂ ಪಾಲಿಸಿಲ್ಲ. ನಾಡಿ ನೋಡದೆ, ಮಾದರಿ ತಿಳಿಯದೆ, ಎಲ್ಲರ ಗೊರಕೆಗೂ ಒಂದೇ ಪುಡಿ ಕೊಡುವುದನ್ನು ಆ ಪದ್ಧತಿಯ ಹಿರಿಯರೇ ಒಪ್ಪುವುದಿಲ್ಲ. ಒಳಗೆ ಏನಿದೆ ಅಂತ ಪೂರ್ತಿ ಬರೆದಿರದಿದ್ದರೆ ಸುಮ್ನೆ ಬಿಟ್ಟುಬಿಡಿ.

ವೈದ್ಯರನ್ನು ಹುಡುಕುವುದು ನೀವಿರುವ ಊರಿನ ಮೇಲೆ ನಿಂತಿದೆ. ಸಿಂಗಪುರದಲ್ಲಿ ಚೀನೀ ವೈದ್ಯರಿಗೆ ಕಾನೂನಿನಂತೆ ನೋಂದಣಿ ಇದೆ. ಆಸ್ಟ್ರೇಲಿಯಾದಲ್ಲಿ 2012ರಿಂದ ದೇಶಕ್ಕೆಲ್ಲ ಒಂದೇ ನೋಂದಣಿ ಮಂಡಳಿ ಇದೆ, ಹೆಸರು ಹಾಕಿದರೆ ಸಿಗುತ್ತದೆ. ಭಾರತದಲ್ಲಿ ಚೀನೀ ಮೂಲಿಕೆ ವೈದ್ಯ ಆಯುಷ್ ಪಟ್ಟಿಯೊಳಗೆ ಇಲ್ಲ. ಅಲ್ಲಿರುವುದು ಆಯುರ್ವೇದ, ಯೋಗ ಮತ್ತು ಪ್ರಕೃತಿ ಚಿಕಿತ್ಸೆ, ಯುನಾನಿ, ಸಿದ್ಧ, ಸೋವಾ ರಿಗ್ಪಾ, ಹೋಮಿಯೋಪಥಿ. ಹಾಗಾಗಿ ಕರ್ನಾಟಕದಲ್ಲಿ ಕೂತು ಈ ದಾರಿ ಹಿಡಿಯಲು ನಾನು ಯಾರಿಗೂ ಹೇಳುವುದಿಲ್ಲ. ಕೇಳಿ ತಿಳಿಯಲು ಸರಿಯಾದ ಜನ ಸಿಗುವುದು ಕಷ್ಟ.

ಗಿಡಮೂಲಿಕೆ ಅಂದರೆ ಅಪಾಯ ಇಲ್ಲ ಅಲ್ವಾ?

ಇದೆ. ಗೊರಕೆಯವರಲ್ಲಿ ಬಿಪಿ ಇರುವವರು ಜಾಸ್ತಿ. ಆದ್ದರಿಂದ ಕೆಲವು ಮೂಲಿಕೆಗಳು ಅವರಿಗೇ ಹೆಚ್ಚು ಕೆಟ್ಟವು. ಅತಿಮಧುರ ಬಹುತೇಕ ಚೀನೀ ಕಷಾಯಗಳಲ್ಲಿ ಇರುತ್ತದೆ. ಜಾಸ್ತಿ ದಿನ, ಜಾಸ್ತಿ ಪ್ರಮಾಣದಲ್ಲಿ ತಗೊಂಡರೆ ಅದು ದೇಹದಲ್ಲಿ ಉಪ್ಪು-ನೀರು ಉಳಿಸಿ ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುವವರಿಗೆ ಇನ್ನೂ ತೊಂದರೆ. ಮೂಗು ಬಿಡಿಸಲು ಹಾಕುವ ಮೂಲಿಕೆ ಮಾ ಹುವಾಂಗ್‌ನಲ್ಲಿ ಎಫೆಡ್ರಿನ್ ಇದೆ. ಹೃದಯ ಬಡಿತ, ಬಿಪಿ ಎರಡನ್ನೂ ಏರಿಸುತ್ತದೆ, ನಿದ್ದೆಯನ್ನೂ ಕೆಡಿಸುತ್ತದೆ. ಅಮೆರಿಕದಲ್ಲಿ 2004ರಲ್ಲಿ ಇದನ್ನು ಪೂರಕ ಆಹಾರಗಳಲ್ಲಿ ಮಾರುವುದನ್ನೇ ನಿಷೇಧಿಸಿದರು. ರಕ್ತ ನಿಂತ ಮಾದರಿಗೆ ಕೊಡುವ ದಾನ್‌ಶೆನ್ ರಕ್ತ ತೆಳುವಾಗಿಸುವ ಮಾತ್ರೆ ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವದ ಭಯ. ಬಾನ್‌ಶ್ಯಾ ಹಸಿಯಾಗಿ ವಿಷ, ಶುಂಠಿ ಅಥವಾ ಪಟಿಕದ ಜೊತೆ ಸಂಸ್ಕರಿಸಿದ್ದನ್ನೇ ಬಳಸಬೇಕು.

ಎಲ್ಲಕ್ಕಿಂತ ದೊಡ್ಡ ಪಾಠ ಬೆಲ್ಜಿಯಂನದು. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನ ತೂಕ ಇಳಿಸುವ ಕ್ಲಿನಿಕ್ ಒಂದರಲ್ಲಿ ಚೀನೀ ಮೂಲಿಕೆ ಸೇರಿದ ಗುಳಿಗೆ ತಿಂದ ಹೆಂಗಸರ ಕಿಡ್ನಿ ಕೆಡತೊಡಗಿತು. ಒಂದು ಮೂಲಿಕೆಯ ಬದಲು ಹತ್ತಿರದ ಹೆಸರಿನ ಇನ್ನೊಂದು ಬಂದಿತ್ತು. ಅದರಲ್ಲಿದ್ದದ್ದು ಕಿಡ್ನಿಗೆ ವಿಷವಾದ ಅರಿಸ್ಟೊಲೋಕಿಕ್ ಆಮ್ಲ. ನೂರಕ್ಕೂ ಹೆಚ್ಚು ಜನ ತೊಂದರೆಗೆ ಸಿಕ್ಕರು. ಹಲವರಿಗೆ ಕಿಡ್ನಿ ಕಸಿ ಅಥವಾ ಡಯಾಲಿಸಿಸ್ ಬೇಕಾಯಿತು. ಆಮೇಲೆ ಮೂತ್ರನಾಳದ ಕ್ಯಾನ್ಸರ್ ಕೂಡ ಕಾಣಿಸಿತು. ಗೊರಕೆಯ ಓದುಗರಿಗೆ ಇದು ಯಾಕೆ ಬೇಕು ಅಂದರೆ, ಮೂಗಿನ ಔಷಧಗಳಲ್ಲಿ ಬರುವ ಶಿಶಿನ್ ಎಂಬ ಬೇರು ಆ ವಿಷದ ಮೂಲಿಕೆಯ ಸಸ್ಯ ಕುಟುಂಬದ್ದೇ. ಪಟ್ಟಿಯಲ್ಲಿ ಅದರ ಹೆಸರು ಕಂಡರೆ ಕೇಳಿ, ಬೇಡ ಅನ್ನಿ.

ಬೇರೆ ದಾರಿಗಳ ಪಕ್ಕ ನಿಲ್ಲಿಸಿದರೆ

ಸಿಪ್ಯಾಪ್ ಮೆಷಿನ್ನನ್ನು ಸಿಡ್ನಿಯ ಕಾಲಿನ್ ಸಲಿವನ್ ಮತ್ತು ಜೊತೆಗಾರರು 1981ರಲ್ಲಿ ಪ್ರಕಟಿಸಿದರು. ಮಾಸ್ಕಿನ ಮೂಲಕ ಒತ್ತಡದ ಗಾಳಿ ಬಿಟ್ಟು ಗಂಟಲು ಮುಚ್ಚದಂತೆ ಹಿಡಿಯುವುದು, ಅಷ್ಟೇ. ಹಾಕಿದ ರಾತ್ರಿಯೇ ಗೊರಕೆ ನಿಲ್ಲುತ್ತದೆ. ಮಧ್ಯಮ, ತೀವ್ರ ಅಪ್ನಿಯಾಕ್ಕೆ ಇದರ ಸಮಕ್ಕೆ ಯಾವ ಕಷಾಯವೂ ಇಲ್ಲ. ತೊಂದರೆ ಹಾಕಿಕೊಳ್ಳುವುದರಲ್ಲಿದೆ. ಬಾಯಿ ಒಣಗುತ್ತದೆ, ಮಾಸ್ಕ್ ಸೋರುತ್ತದೆ, ಎಷ್ಟೋ ಜನ ಬೀರುವಿನಲ್ಲಿಟ್ಟುಬಿಡುತ್ತಾರೆ. ಬೆಲೆಯೂ ಹತ್ತಾರು ಸಾವಿರ ರೂಪಾಯಿ. ಬಹಳ ಸಲ ಮಾಸ್ಕಿನ ಅಳತೆ ಬದಲಿಸಿದರೆ, ಗಾಳಿಗೆ ತೇವ ಸೇರಿಸುವ ಡಬ್ಬಿ ಜೋಡಿಸಿದರೆ ಹೊಂದಿಕೆಯಾಗುತ್ತದೆ. ಬಿಟ್ಟುಬಿಡುವ ಮೊದಲು ಇದನ್ನು ಕೇಳಿ.

ಮೆಷಿನ್ ಆಗದವರಿಗೆ, ಅಥವಾ ಬರೀ ಗೊರಕೆ ಇರುವವರಿಗೆ, ಕೆಳದವಡೆಯನ್ನು ಸ್ವಲ್ಪ ಮುಂದೆ ಹಿಡಿಯುವ ಹಲ್ಲಿನ ಸಾಧನ ಒಳ್ಳೆಯದು. ಅಮೆರಿಕದ ನಿದ್ರಾ ಮತ್ತು ದಂತವೈದ್ಯರ 2015ರ ಮಾರ್ಗಸೂಚಿ ಅಪ್ನಿಯಾ ಇಲ್ಲದ ಗೊರಕೆಗೂ ಇದನ್ನು ಹೇಳುತ್ತದೆ. ದಂತವೈದ್ಯರೇ ಅಳತೆ ತೆಗೆದು ಮಾಡಬೇಕು. ದವಡೆ ನೋವು, ಹಲ್ಲು ಸ್ವಲ್ಪ ಸರಿಯುವುದು ಇದರ ಕೊರತೆಗಳು. ಕಷಾಯಕ್ಕೆ ಖರ್ಚು ಮಾಡುವ ಹಣ ಕೈಯಲ್ಲಿದ್ದರೆ ನಾನು ಮೊದಲು ಇಲ್ಲಿ ಹಾಕುತ್ತಿದ್ದೆ.

ಬಾಯಿ-ಗಂಟಲಿನ ವ್ಯಾಯಾಮವನ್ನು ಜನ ಹಗುರಾಗಿ ನೋಡುತ್ತಾರೆ. ಬ್ರೆಜಿಲ್‌ನಲ್ಲಿ 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಧ್ಯಮ ಅಪ್ನಿಯಾದವರು ಮೂರು ತಿಂಗಳು ನಾಲಿಗೆ, ಅಂಗುಳದ ವ್ಯಾಯಾಮ ಮಾಡಿದರು. ಉಸಿರು ನಿಲ್ಲುವುದು ಗಂಟೆಗೆ ಸುಮಾರು 22ರಿಂದ 14ಕ್ಕೆ ಇಳಿಯಿತು. ಸ್ವಿಟ್ಜರ್ಲೆಂಡ್‌ನಲ್ಲಿ 2006ರಲ್ಲಿ ಡಿಜರಿಡೂ ಎಂಬ ಆಸ್ಟ್ರೇಲಿಯಾದ ಉದ್ದ ಕೊಳವೆಯ ವಾದ್ಯ ಊದಿಸಿಯೂ ಫಲ ಕಂಡರು. ಅದಕ್ಕೆ 2017ರಲ್ಲಿ ಇಗ್ ನೊಬೆಲ್ ಶಾಂತಿ ಬಹುಮಾನ ಬಂತು. ನಗಿಸುವ ಬಹುಮಾನವೇ, ಆದರೆ ಪಕ್ಕದಲ್ಲಿ ಮಲಗುವವರಿಗೆ ಶಾಂತಿ ಸಿಕ್ಕಿದ್ದು ನಿಜ. ಈ ಪ್ರಯೋಗಗಳೂ ಸಣ್ಣವೇ. ಆದರೆ ಕಿಡ್ನಿಗೆ ಭಯವಿಲ್ಲ, ಖರ್ಚಿಲ್ಲ.

ತೂಕದ ವಿಷಯ ಎಲ್ಲರಿಗೂ ಗೊತ್ತು, ಕೇಳಲು ಯಾರಿಗೂ ಇಷ್ಟವಿಲ್ಲ. ಅಮೆರಿಕದಲ್ಲಿ ವರ್ಷಗಟ್ಟಲೆ ಜನರನ್ನು ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕ ಶೇ. 10 ಇಳಿದರೆ ಉಸಿರು ನಿಲ್ಲುವುದು ಸುಮಾರು ಶೇ. 26 ಇಳಿಯುತ್ತದೆ, ಶೇ. 10 ಏರಿದರೆ ಶೇ. 32 ಏರುತ್ತದೆ ಅಂತ ಕಂಡಿತು. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಬೊಜ್ಜು ಇರುವವರ ಮಧ್ಯಮ, ತೀವ್ರ ಅಪ್ನಿಯಾಕ್ಕೆ ತೂಕ ಇಳಿಸುವ ಟಿರ್ಜೆಪಟೈಡ್ ಇಂಜೆಕ್ಷನ್‌ಗೆ ಒಪ್ಪಿಗೆ ಕೊಟ್ಟಿತು. ಈ ರೋಗಕ್ಕೆ ಅಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧ ಅದು.

ಮಗ್ಗುಲಾಗಿ ಮಲಗುವುದು, ರಾತ್ರಿ ಮದ್ಯ ಬಿಡುವುದು, ನಿದ್ದೆ ಮಾತ್ರೆಯನ್ನು ಸ್ವಂತವಾಗಿ ತಗೊಳ್ಳದಿರುವುದು, ಇವೆಲ್ಲ ಇವತ್ತೇ ಶುರು ಮಾಡಬಹುದಾದವು. ಅಂಗಾತ ಮಲಗಿದಾಗ ಮಾತ್ರ ಗೊರಕೆ ಬರುವವರಿಗೆ ಮಗ್ಗುಲು ಸಾಕಾಗಿಬಿಡಬಹುದು. ಶಸ್ತ್ರಚಿಕಿತ್ಸೆ ಏನಿದ್ದರೂ ಗೊರಕೆಯ ಕಾರಣ ಕಣ್ಣಿಗೆ ಕಾಣುವಂತಿದ್ದಾಗ ಮಾತ್ರ.

ಆದರೂ ಕಷಾಯ ನೋಡಲೇಬೇಕು ಅನ್ನುವವರಿಗೆ

ಮೊದಲು ಅಳತೆ ಇರಲಿ. ಮನೆಯ ಸ್ಲೀಪ್ ಸ್ಟಡಿ ಮಾಡಿಸಿ, ಅಪ್ನಿಯಾ ಇಲ್ಲ ಅಥವಾ ಸೌಮ್ಯ ಅಂತ ಖಚಿತ ಮಾಡಿಕೊಳ್ಳಿ. ಫೋನಿನ ಗೊರಕೆ ಆ್ಯಪ್‌ನಲ್ಲಿ ಒಂದು ವಾರ ರೆಕಾರ್ಡ್ ಮಾಡಿ ಇಡಿ. ಔಷಧ ಶುರುವಾದ ಮೇಲೆ ಅದೇ ಫೋನು, ಅದೇ ಜಾಗದಲ್ಲಿ ಮತ್ತೆ. ಆ ದಿನಗಳಲ್ಲಿ ಬೇರೆ ಏನೂ ಬದಲಿಸಬೇಡಿ. ಕಷಾಯ ಕುಡಿಯುತ್ತಾ ಮದ್ಯವನ್ನೂ ಬಿಟ್ಟರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ. ನನ್ನ ಲೆಕ್ಕದಲ್ಲಿ ಎಂಟು ವಾರ ಸಾಕು. ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ. ಇನ್ನೂ ಎಂಟು ವಾರ ಅಂತ ಹೇಳುವವರ ಮಾತಿಗೆ ಹೋಗಬೇಡಿ. ಶುರುವಿಗೆ ಮೊದಲು ಒಂದು ಸಲ, ನಡುವೆ ಒಂದು ಸಲ ಕಿಡ್ನಿ, ಯಕೃತ್ತು, ಪೊಟ್ಯಾಸಿಯಂ ರಕ್ತಪರೀಕ್ಷೆ ಮಾಡಿಸಿ. ಬಿಪಿಯನ್ನು ವಾರಕ್ಕೆರಡು ಸಲ ನೋಡಿ.

ಇನ್ನೊಂದು ಮೋಸ ಇಲ್ಲಿದೆ. ಸದ್ದು ಇಳಿಯಿತು ಅಂದರೆ ಉಸಿರು ಸರಿಹೋಯಿತು ಅಂತಲ್ಲ. ಮೂಗು ಬಿಟ್ಟು ಗೊರಕೆ ಮೆತ್ತಗಾಗಿ, ಗಂಟಲು ಮಾತ್ರ ಮೊದಲಿನಂತೆ ಮುಚ್ಚುತ್ತಿರಬಹುದು. ಮೊದಲು ಅಪ್ನಿಯಾ ಇತ್ತು ಅಂದರೆ, ಕಷಾಯದಿಂದ ವಾಸಿಯಾಯಿತು ಅಂತ ಸಿಪ್ಯಾಪ್ ಬಿಡುವ ಮೊದಲು ಮತ್ತೆ ಸ್ಲೀಪ್ ಸ್ಟಡಿ ಆಗಲೇಬೇಕು.

ಬಸುರಿಯರು, ಹಾಲೂಡಿಸುವ ತಾಯಂದಿರು, ಕಿಡ್ನಿ ಅಥವಾ ಯಕೃತ್ತಿನ ತೊಂದರೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಈ ದಾರಿಗೆ ಬರಬೇಡಿ. ಗಾಡಿ ಓಡಿಸುವಾಗ ಕಣ್ಣು ಎಳೆಯುವವರೂ ಅಷ್ಟೇ, ಅವರು ಈ ವಾರವೇ ಡಾಕ್ಟರನ್ನು ನೋಡಬೇಕು. ಮಕ್ಕಳ ಗೊರಕೆ ಬೇರೆಯೇ ವಿಷಯ. ದಿನಾ ಗೊರಕೆ ಹೊಡೆಯುವ, ಬಾಯಿ ತೆರೆದು ಮಲಗುವ ಮಗುವಿಗೆ ಹೆಚ್ಚಾಗಿ ಟಾನ್ಸಿಲ್, ಅಡಿನಾಯ್ಡ್ ದೊಡ್ಡದಾಗಿರುತ್ತವೆ. ಅದಕ್ಕೆ ಇಎನ್‌ಟಿ ಡಾಕ್ಟರೇ ಬೇಕು.

ಯಾವುದೇ ಆಪರೇಷನ್‌ಗೆ ಹೋಗುವಾಗ ಅರಿವಳಿಕೆ ಕೊಡುವ ಡಾಕ್ಟರಿಗೆ ಎರಡು ವಿಷಯ ಹೇಳಿ: ಗೊರಕೆ ಇದೆ ಅಂತ, ಮೂಲಿಕೆ ತಗೊಳ್ಳುತ್ತಿದ್ದೇನೆ ಅಂತ. ಪೊಟ್ಟಣದ ಮೇಲಿನ ಚೀನೀ ಹೆಸರುಗಳ ಚೀಟಿಯನ್ನು ಬಿಸಾಕದೆ ಫೋಟೋ ತೆಗೆದಿಟ್ಟುಕೊಂಡಿದ್ದರೆ ಆ ಹೊತ್ತಿಗೆ ಕೆಲಸಕ್ಕೆ ಬರುತ್ತದೆ.